ಕಂಡಿಯ ಗೋಡೆಯ ವಯಸ್ಸು

ಅಥೆನ್ಸ್, ೧೨ ಅಕ್ಟೋಬರ್ ೧೯೮೯

ಲಾಂಬ್ರೊ ಮೇಸ್ತ್ರಿಗಳಿಗೆ,

ಮೂರು ವರ್ಷದಿಂದ ಒಂದು ಗೆರೆ ಬರೆಯದವಳು ಈಗ ಬರೆದಿದ್ದಾಳೆ ಅಂದರೆ ಏನೋ ಕೆಲಸ ಇರಬೇಕು ಅಂತ ಗೊಣಗುತ್ತೀರಿ. ಗೊಣಗಿ. ಕೆಲಸ ಇದೆ.

ನನ್ನ ಕೈಕೆಳಗೆ ಮೆಲ್ಪೊ ಅಂತ ಒಬ್ಬ ಹುಡುಗಿ ಸೇರಿದ್ದಾಳೆ. ಬೆಟ್ಟದ ಕೋಟೆಗಳ ಮೇಲೆಯೇ ಪ್ರಬಂಧ ಬರೆಯುತ್ತಾಳಂತೆ. ಗ್ರಂಥಾಲಯದ ಹಳೇ ಪೆಟ್ಟಿಗೆಗಳಲ್ಲಿ ಇಲಿಯ ಹಾಗೆ ಓಡಾಡುವವಳು. ಹೋದ ವಾರ ಒಂದು ಫೋಟೊ ತಂದು ಮೇಜಿನ ಮೇಲಿಟ್ಟಳು. ೧೯೩೮ರ ವಸಂತದಲ್ಲಿ ಯಾರೋ ಪರದೇಶದ ಮೇಷ್ಟ್ರು ತೆಗೆದದ್ದು. ಹಿಂದೆ ಪೆನ್ಸಿಲಿನಲ್ಲಿ ‘ಮಾವ್ರೊಲಿಥಿಯ ಕಂಡಿ’ ಅಂತ ಬರೆದಿದೆ. ಎರಡು ಹೇಸರಗತ್ತೆ, ಒಬ್ಬ ಕುರಿಗಾಹಿ, ಮೇಲೆ ಬುರುಜು, ಹಿಂದೆ ಆಕಾಶ. ಎರಡು ಬೆಟ್ಟಗಳ ನಡುವಿನ ಆ ಕಂಡಿಗೆ ಅಡ್ಡಲಾಗಿ ಗೋಡೆ ಇಲ್ಲ.

ಮೇಸ್ತ್ರಿ, ನಮ್ಮ ಗೋಡೆ ಇಲ್ಲ.

ಮಕೆದೋನಿಯದ ಸೈನ್ಯ ಇಳಿದು ಬರದಿರಲಿ ಅಂತ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಕಟ್ಟಿದ ಗೋಡೆ ಅದು ಅಂತ ಬರೆದವಳು ನಾನು. ಆ ಗೋಡೆಯ ಮೇಲೆ ನನ್ನ ಪುಸ್ತಕ ನಿಂತಿದೆ, ಪುಸ್ತಕದ ಮೇಲೆ ವಿಶ್ವವಿದ್ಯಾಲಯದ ನನ್ನ ಕುರ್ಚಿ ನಿಂತಿದೆ. ಬರುವ ಬೇಸಿಗೆಗೆ ಪುರಾತತ್ವ ಇಲಾಖೆಯವರು ಅಲ್ಲಿ ಹಿತ್ತಾಳೆ ಫಲಕ ಹಾಕುತ್ತಾರೆ. ಅದರ ಒಕ್ಕಣೆಯನ್ನು ಫೆಬ್ರವರಿ ಮುಗಿಯುವುದರೊಳಗೆ ನಾನು ಕಳಿಸಬೇಕು.

ಎಂಬತ್ತೊಂದರಲ್ಲಿ ಗೋಡೆಯ ಹೊಟ್ಟೆ ಸೀಳಿ ಮೂರನೇ ಗುಂಡಿ ಅಗೆದವರು ನೀವು. ‘ಕಲ್ಲು ಸಡಿಲ ಇದೆ, ಬೇರೆಯವರ ಕಾಲು ಮುರಿದೀತು’ ಅಂತ ಯಾರಿಗೂ ಗುದ್ದಲಿ ಕೊಡಲಿಲ್ಲ. ಒಳಗಿನ ಮಣ್ಣಿನಿಂದ ಕರಿ ಹೊಳಪಿನ ಮಡಕೆ ಚೂರು ಎತ್ತಿ ನನ್ನ ಅಂಗೈಯಲ್ಲಿ ಇಟ್ಟವರೂ ನೀವೇ. ಫೋಟೊ ಇನ್ಯಾವುದೋ ಕಂಡಿಯದು, ಆ ಮೇಷ್ಟ್ರು ಹೆಸರು ತಪ್ಪು ಬರೆದಿದ್ದಾನೆ ಅಂತ ಒಂದೇ ಒಂದು ಮಾತು ಬರೆಯಿರಿ. ಈ ಹುಡುಗಿಯ ಬಾಯಿ ಮುಚ್ಚಿಸುತ್ತೇನೆ.

ಎವಾಂಥಿಯಾ ಹೇಗಿದ್ದಾಳೆ? ದಿನಾ ಬೆಳಿಗ್ಗೆ ಅಗೆಯುವವರಿಗೆಲ್ಲ ಬಿಸಿ ರೊಟ್ಟಿ ಹೊತ್ತು ಮೇಲೆ ಬರುತ್ತಿದ್ದಳಲ್ಲ. ಅಂಥ ರೊಟ್ಟಿ ಅಥೆನ್ಸಿನಲ್ಲಿ ಸಿಗುವುದಿಲ್ಲ.

ನಿಮ್ಮ
ಪೊಲಿಕ್ಸೆನಿ


ಮಾವ್ರೊಲಿಥಿ, ೩೦ ಅಕ್ಟೋಬರ್ ೧೯೮೯

ಪೊಲಿಕ್ಸೆನಿ ಅಮ್ಮಾವ್ರಿಗೆ ಲಾಂಬ್ರೊನ ನಮಸ್ಕಾರ.

ನಾನೇನೂ ಗೊಣಗಲಿಲ್ಲ. ನನ್ನ ಹೆಂಡತಿ ಗೊಣಗಿದಳು. ‘ಅಥೆನ್ಸಿನ ಅಮ್ಮನಿಗೆ ನಿನ್ನ ನೆನಪು ಬಂತು ಅಂದ್ರೆ ಇನ್ನೆಲ್ಲೋ ಗುಂಡಿ ತೋಡೋದಿದೆ. ಹೋಗು, ಆ ಮುರುಕಲು ಮಂಡಿ ಹೊತ್ಕೊಂಡು ಹೋಗು’ ಅಂದಳು. ಮಂಡಿ ಸರಿಯಿಲ್ಲ ಅಮ್ಮಾವ್ರೇ. ಮೆಟ್ಟಿಲು ಹತ್ತುವಾಗ ಒಣ ಬಾಗಿಲ ಹಾಗೆ ಕಿರುಗುಟ್ಟುತ್ತೆ.

ಈ ಸಲ ಅಕ್ರೋಟು ಚೆನ್ನಾಗಿ ಬಿಟ್ಟಿದೆ. ದ್ರಾಕ್ಷಿ ಹಿಪ್ಪೆಯಿಂದ ಸಾರಾಯಿ ಬಟ್ಟಿ ಇಳಿಸೋದು ನಾಳಿದ್ದು ಶುರು. ಹೋದ ವರ್ಷದ್ದು ಕುಡಿದು ನಮ್ಮ ಪಾದ್ರಿ ಥಿಮಿಯೋಸ್ ಪ್ರಾರ್ಥನೆ ಮಧ್ಯೆ ಎರಡು ಪುಟ ಹಾರಿಸಿಬಿಟ್ಟರು. ಯಾರೂ ದೂರು ಕೊಡಲಿಲ್ಲ, ಬೇಗ ಮನೆಗೆ ಹೋದೆವಲ್ಲ! ಈ ಬೇಸಿಗೆಯಲ್ಲಿ ಸರ್ಕಾರ ಹಳೇ ಪೊಲೀಸ್ ಕಡತಗಳನ್ನೆಲ್ಲ ಕುಲುಮೆಗೆ ಹಾಕಿ ಸುಟ್ಟಿತಂತೆ, ಯುದ್ಧದ ಕಾಲದಲ್ಲಿ ಯಾರು ಯಾವ ಕಡೆ ಇದ್ದರು ಅನ್ನೋ ಲೆಕ್ಕ ಇನ್ನು ಇಲ್ಲವಂತೆ. ಟೀವಿಯಲ್ಲಿ ತೋರಿಸಿದರು. ಒಳ್ಳೇದಾಯ್ತು ಬಿಡಿ.

ಇನ್ನು ಫೋಟೊ ವಿಷಯ. ಫೋಟೊ ನಂಬೋಕಾಗುತ್ತಾ? ನನ್ನ ಮದುವೆ ಫೋಟೊದಲ್ಲಿ ಮಾವ ನಗ್ತಿದ್ದಾನೆ. ಆ ಮನುಷ್ಯ ಜನ್ಮದಲ್ಲಿ ನಕ್ಕವನಲ್ಲ. ಅದು ಬೇರೆ ಕಂಡಿಯೇ ಇರಬೇಕು. ಇಲ್ಲಾಂದ್ರೆ ಹಿಮ ಬಿದ್ದು ಗೋಡೆ ಮುಚ್ಚಿರಬೇಕು. ಅದೂ ಇಲ್ಲಾಂದ್ರೆ ಆ ಪರದೇಶದವನು ಯಾವ ಕಡೆ ಮುಖ ಮಾಡಿ ನಿಂತಿದ್ದನೋ ಯಾರಿಗೆ ಗೊತ್ತು. ನೀವು ಓದಿದೋರು. ನೀವು ಹಳೇದು ಅಂದ ಮೇಲೆ ಹಳೇದೇ.

ಒಂದು ಚೀಲ ಅಕ್ರೋಟು ಬಸ್ಸಿನಲ್ಲಿ ಕಳಿಸ್ತಿದ್ದೀನಿ. ಡ್ರೈವರಿಗೆ ಹೇಳಿದ್ದೀನಿ, ಅವನು ಅರ್ಧ ತಿಂದ್ರೆ ಬೈಯಿರಿ.

ಲಾಂಬ್ರೊ


ಅಥೆನ್ಸ್, ೧೪ ನವೆಂಬರ್ ೧೯೮೯

ಮೇಸ್ತ್ರಿ,

ಅಕ್ರೋಟು ಬಂತು. ಕಾಗದವೂ ಬಂತು. ನಾನು ಕೇಳಿದ್ದು ಒಂದು ಮಾತು, ನೀವು ಕೊಟ್ಟದ್ದು ಮೂರು ಉತ್ತರ. ಬೇರೆ ಕಂಡಿ, ಇಲ್ಲವೇ ಹಿಮ, ಇಲ್ಲವೇ ಮುಖ ಆ ಕಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ.

ವಸಂತದಲ್ಲಿ ಎಲ್ಲಿಯ ಹಿಮ ಮಾರಾಯರೆ? ಕುರಿಗಾಹಿ ಅಂಗಿ ತೋಳು ಮಡಚಿದ್ದಾನೆ. ಭೂತಗನ್ನಡಿ ಹಿಡಿದು ಎರಡು ದಿನ ನೋಡಿದೆ. ಬುರುಜಿನ ಮೂರನೇ ಸಾಲಿನ ಕಲ್ಲುಗಳ ಸಂದಿಯಲ್ಲಿ ಅಂಜೂರದ ಗಿಡವಿದೆ, ಬಲಮೂಲೆಯ ಕಲ್ಲಿನ ಕಿವಿ ಮುರಿದಿದೆ. ಆ ಮುರಿದ ಮೂಲೆಯಲ್ಲಿ ನಾನು ಮೂರು ಬೇಸಿಗೆ ಟೋಪಿ ನೇತುಹಾಕಿದ್ದೇನೆ. ಅದು ನಮ್ಮದೇ ಕಂಡಿ.

ಬುರುಜು ನಿಜವಾಗಿ ಹಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಗೋಡೆಯ ಮಾತು ಹೇಳಿ. ಅದನ್ನು ಯಾರು ಕಟ್ಟಿದರು? ಯಾವಾಗ? ಮೂರನೇ ಗುಂಡಿಯಲ್ಲಿ ಮಂಡಿಯೂರಿ ಕೂತಾಗ ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನ ಕಣ್ಣಿಗೆ ಮಣ್ಣೆರಚಿದಿರಾ? ಹದಿನೇಳು ವರ್ಷ ನಿಮ್ಮ ಕೈಯನ್ನು ನನ್ನ ಕೈಗಿಂತ ಹೆಚ್ಚು ನಂಬಿದವಳು ನಾನು.

ನಾನು ಸಿಟ್ಟಿನಲ್ಲಿದ್ದೇನೆ. ಆದರೂ ಉತ್ತರ ಬೇಕು.

ಪೊಲಿಕ್ಸೆನಿ


ಅಥೆನ್ಸ್, ೮ ಜನವರಿ ೧೯೯೦

ಮೇಸ್ತ್ರಿ,

ಎರಡು ತಿಂಗಳಾಯಿತು. ಕ್ರಿಸ್‌ಮಸ್ಸಿಗೆ ಫೋನ್ ಮಾಡಿದರೆ ನಿಮ್ಮ ಹೆಂಡತಿ ‘ಕುರಿ ಹತ್ರ ಹೋಗಿದ್ದಾರೆ’ ಅಂದಳು. ನೀವು ಕುರಿ ಮಾರಿ ಐದು ವರ್ಷವಾಯಿತು.

ಇಲಾಖೆಯಿಂದ ಮತ್ತೆ ಕಾಗದ ಬಂದಿದೆ. ನಾನು ಸುಳ್ಳನ್ನು ಹಿತ್ತಾಳೆಯಲ್ಲಿ ಕೊರೆಸಬೇಕೋ ಬೇಡವೋ, ಅಷ್ಟು ಹೇಳಿ. ಬಾಯಿ ಬಿಡಿ.

ಪೊಲಿಕ್ಸೆನಿ


ಮಾವ್ರೊಲಿಥಿ, ೨೨ ಜನವರಿ ೧೯೯೦

ಅಮ್ಮಾವ್ರೇ,

ಗೋಡೆ ನಾವೇ ಕಟ್ಟಿದ್ದು. ೧೯೪೮ನೇ ಇಸವಿ, ಜನವರಿ ತಿಂಗಳು, ಮೂರು ದಿನ.

ಬರೆದೆ ನೋಡಿ. ಈ ಸಾಲಿಗೆ ಎರಡು ತಿಂಗಳು ಹಿಡೀತು.

ಆಗ ನನಗೆ ಇಪ್ಪತ್ತು ವರ್ಷ. ನೀವು ಅಂತರ್ಯುದ್ಧ ಅಂತೀರಿ. ಇಲ್ಲಿ ಅಣ್ಣ ಬಂಡಾಯದವರ ಜೊತೆ ಬೆಟ್ಟ ಹತ್ತಿದ, ತಮ್ಮ ಸೈನ್ಯದ ಕಡೆ ನಿಂತ, ಅಷ್ಟೇ. ಬೆಟ್ಟದವರು ಕಂಡಿ ದಾಟಿ ಬಯಲಿಗೆ ಇಳೀಬಾರದು ಅಂತ ಸೈನ್ಯದ ಅಧಿಕಾರಿ ಹುಕುಂ ಮಾಡಿದ. ಮನೆಗೊಬ್ಬರು ಬರಬೇಕು, ಬರದಿದ್ದ ಮನೆ ಬೆಟ್ಟದವರ ಮನೆ. ಬುರುಜಿನಿಂದ ಉರುಳಿದ ಕಲ್ಲು ಹೊತ್ತು ಅಡ್ಡಗೋಡೆ ಇಟ್ಟೆವು. ಎರಡು ಸಾಲಿನ ನಡುವೆ ತುಂಬೋಕೆ ಬುರುಜಿನ ಬುಡದ ಮಣ್ಣು ಬುಟ್ಟಿಯಲ್ಲಿ ತಂದು ಸುರಿದೆವು. ನಿಮ್ಮ ಕರಿ ಚೂರೆಲ್ಲ ಆ ಮಣ್ಣಿನವು. ಚೂರು ಹಳೇದೇ, ಅದರಲ್ಲಿ ಮೋಸ ಇಲ್ಲ. ಗೋಡೆ ನಮ್ಮದು.

ಮೂರನೇ ಗುಂಡಿಯಲ್ಲಿ ಗುಂಡಿನ ಖಾಲಿ ತೋಟಾ ಏಳು ಸಿಕ್ಕವು, ಮೀನಿನ ತಗಡು ಡಬ್ಬಿ ಒಂದು. ನೀವು ಆ ಕಡೆ ನಕ್ಷೆ ಬರೀತಿದ್ರಿ. ಜೇಬಿಗೆ ಹಾಕಿಕೊಂಡು ಊಟದ ಹೊತ್ತಲ್ಲಿ ಪ್ರಪಾತಕ್ಕೆ ಎಸೆದೆ.

ಆ ಸಂಜೆ ನೀವು ಕಾಫಿ ಅಂಗಡಿಗೆ ಬಂದು ಎಲ್ಲರಿಗೂ ಒಂದೊಂದು ಲೋಟ ಕೊಡಿಸಿದ್ರಿ, ನೆನಪಿದೆಯಾ? ‘ಸ್ವಾಮಿ, ನಿಮ್ಮ ಗೋಡೆಗೆ ಎರಡು ಸಾವಿರದ ಮುನ್ನೂರು ವರ್ಷ’ ಅಂದ್ರಿ. ಅಂಗಡಿಯಲ್ಲಿ ಹನ್ನೊಂದು ಜನ ಇದ್ದೆವು. ಅದರಲ್ಲಿ ಎಂಟು ಜನ ಕಲ್ಲು ಹೊತ್ತವರು. ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಸ್ತಾಥಿಸ್ ಅಜ್ಜ ಮೀಸೆ ಒರೆಸಿಕೊಂಡು, ‘ಹೌದು ತಾಯಿ, ನಮ್ಮ ತಾತನೂ ಹಂಗೇ ಹೇಳ್ತಿದ್ದ’ ಅಂದ. ಇನ್ನೊಬ್ಬ, ‘ಅಯ್ಯೋ, ನಮ್ಮ ತಾತನ ತಾತನೂ ಹೇಳ್ತಿದ್ದ’ ಅಂದ. ನಕ್ಕೆವು. ನಿಮ್ಮನ್ನ ನೋಡಿ ನಕ್ಕಿದ್ದಲ್ಲ ಅಮ್ಮಾವ್ರೇ. ಹಗುರಾಗಿ ನಕ್ಕಿದ್ದು. ಎರಡು ಸಾವಿರ ವರ್ಷದ ಗೋಡೆ ಯಾರು ಕಟ್ಟಿದರು, ಅಲ್ಲಿ ಯಾರು ಯಾರನ್ನ ತಡೆದರು ಅಂತ ಯಾರು ಕೇಳ್ತಾರೆ? ನೀವು ಊರಿಗೆ ಊರನ್ನೇ ತೊಳೆದು ಕೊಟ್ಟ ಹಾಗಾಯ್ತು.

ಯಾರನ್ನ ತಡೆದರು ಅಂತ ನೀವು ಕೇಳಿಲ್ಲ. ನಾನೇ ಹೇಳ್ತೀನಿ. ಹೇಳದಿದ್ದರೆ ಈ ಕಾಗದ ಬರೆದೂ ಬರೆಯದ ಹಾಗೆ.

ಗೋಡೆ ಎದ್ದ ಐದನೇ ದಿನ. ಬೆಳಿಗ್ಗೆ, ಮಂಜು ಕವಿದಿತ್ತು. ನನಗೆ ಬಂದೂಕು ಕೊಟ್ಟು ಕಾವಲಿಗೆ ಹಾಕಿದ್ದರು. ಎವಾಂಥಿಯಾ ಬಂದಳು. ಅವಳ ಗಂಡ ಬೆಟ್ಟ ಹತ್ತಿದ್ದ. ಅವಳು ನಮ್ಮ ಪಕ್ಕದ ಮನೆ. ನಮ್ಮಮ್ಮ ಸತ್ತ ವರ್ಷ ನಾನು ಉಂಡದ್ದು ಅವಳ ಒಲೆ ಮುಂದೆ. ಬೆನ್ನಿಗೆ ಲೆನ್ಯೊನ ಕಟ್ಟಿಕೊಂಡಿದ್ದಳು, ಮೂರು ವರ್ಷದ ಕೂಸು. ಮೈ ಕೆಂಡ, ಉಸಿರು ಶಿಳ್ಳೆ ಹೊಡೀತಿತ್ತು.

‘ಲಾಂಬ್ರೊ, ಪೇಟೆ ಡಾಕ್ಟರ ಹತ್ರ ಹೋಗ್ಬೇಕು.’

‘ಅಪ್ಪಣೆ ಇಲ್ಲ.’

‘ಯಾರ ಅಪ್ಪಣೆ? ನಿಂದೇನೋ?’

‘ದಾಟಬೇಡ ಎವಾಂಥಿಯಾ. ಮೇಲೆ ಬುರುಜಿಂದ ಹವಾಲ್ದಾರ ನೋಡ್ತಿದ್ದಾನೆ. ನನ್ನ ಕುತ್ತಿಗೆಗೆ ಬರುತ್ತೆ.’

ನಿಂತಳು. ಆಮೇಲೆ ತಿರುಗಿದಳು. ಆಡಿನ ಜಾಡು ಹಿಡಿದು ಸುತ್ತಿ ಹೋದಳಂತೆ, ಅದು ಒಂದೂವರೆ ದಿನದ ದಾರಿ. ಮಗು ದಾರಿಯಲ್ಲೇ ಹೋಯ್ತು. ನೆಟ್ಟಗೆ ಹೋಗಿದ್ರೆ ನಾಲ್ಕು ಗಂಟೆ. ಡಾಕ್ಟರು ಕೈ ಇಟ್ಟರೂ ಉಳೀತಿರಲಿಲ್ಲವೇನೋ ಅಂತ ನಲವತ್ತೆರಡು ವರ್ಷದಿಂದ ಹೇಳಿಕೊಳ್ತಿದ್ದೀನಿ. ಒಂದು ದಿನವೂ ನನಗೇ ನಂಬಿಕೆ ಬಂದಿಲ್ಲ.

ಅದೇ ಎವಾಂಥಿಯಾ ನಿಮ್ಮ ರೊಟ್ಟಿ ಹೊತ್ತು ಬರ್ತಿದ್ದಳು. ನನ್ನ ಪಾಲಿನ ರೊಟ್ಟಿ ಯಾವತ್ತೂ ಎಲ್ಲರದಷ್ಟೇ ಇರುತ್ತಿತ್ತು. ಒಂದು ದಿನ ಕಮ್ಮಿ ಕೊಟ್ಟಿದ್ದರೆ ನಾನು ಬದುಕಿಕೊಳ್ತಿದ್ದೆ.

ಫಲಕ ಬೇಡ ಅಂತ ಬರೀರಿ. ಆದರೆ ಹೆಸರು ಬರೀಬೇಡಿ, ಕಾಲು ಹಿಡ್ಕೋತೀನಿ. ನನ್ನ ಮೊಮ್ಮಕ್ಕಳು ಪೇಟೆ ಶಾಲೆಯಲ್ಲಿ ಓದ್ತಾರೆ.

ಲಾಂಬ್ರೊ


ಅಥೆನ್ಸ್, ೩ ಫೆಬ್ರವರಿ ೧೯೯೦

ಲಾಂಬ್ರೊ,

ನಿಮ್ಮ ಕಾಗದ ಓದಿದೆ. ನಿಮಗೆ ಬೈಯಬೇಕು ಅಂತ ಎರಡು ಸಲ ಕೂತೆ. ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಹೇಳುವುದಕ್ಕೆ ಮುಖ ಇಲ್ಲ, ಆದರೂ ಹೇಳುತ್ತೇನೆ.

ಒಂದನೇ ಗುಂಡಿ ನಾನು ಅಗೆದದ್ದು. ತಳದಿಂದ ಎರಡನೇ ಸಾಲಿನ ಕಲ್ಲಿನ ಅಡಿಯಲ್ಲಿ ಒಂದು ಗೇಣು ಮುಳ್ಳುತಂತಿ ಸಿಕ್ಕಿತು. ಅಡಿಯಲ್ಲಿ, ಲಾಂಬ್ರೊ. ಪಕ್ಕದಲ್ಲಲ್ಲ, ಮೇಲಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು: ಕಲ್ಲಿನ ಅಡಿಯಲ್ಲಿರುವುದು ಕಲ್ಲಿಗಿಂತ ಮೊದಲು ಬಂದದ್ದು. ನಾನು ಅದನ್ನು ಕೈಯಲ್ಲಿ ಹಿಡಿದು, ಕುರಿದೊಡ್ಡಿಯದು, ಹೇಗೋ ಜಾರಿ ಒಳಗೆ ಬಂದಿದೆ ಅಂದುಕೊಂಡೆ. ಅಗೆತದ ದಿನಚರಿಯಲ್ಲಿ ಬರೆಯಲಿಲ್ಲ. ನೀವೂ ಪ್ರಪಾತಕ್ಕೆ ಎಸೆದಿರಿ, ನಾನೂ ಎಸೆದೆ. ನಿಮಗಾದರೂ ಒಂದು ಕಾರಣವಿತ್ತು. ನನಗೆ ಇದ್ದದ್ದು ಆಸೆ. ಐವತ್ತು ವರ್ಷವಾಗುತ್ತ ಬಂದಿತ್ತು, ನನ್ನ ಹೆಸರಿಗೆ ಒಂದು ಗೋಡೆ ಬೇಕಿತ್ತು.

ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಮೆಲ್ಪೊಗೆ ನಿನ್ನೆ ಹೇಳಿದೆ. ಅವಳು ನನ್ನ ಮುಖ ನೋಡಲಾರದೆ ಕಿಟಕಿಯ ಕಡೆ ನೋಡಿದಳು. ಆ ಹುಡುಗಿ ನನ್ನ ಪುಸ್ತಕ ಓದಿ ಈ ವಿದ್ಯೆಗೆ ಬಂದವಳು.

ಇಲಾಖೆಗೆ ಬರೆಯುತ್ತೇನೆ. ತಿದ್ದುಪಡಿಯನ್ನು ನಮ್ಮ ಪತ್ರಿಕೆಯಲ್ಲೂ ಅಚ್ಚು ಹಾಕಿಸುತ್ತೇನೆ. ಅದರಲ್ಲಿ ಗೋಡೆ ಕಟ್ಟಿದ ವರ್ಷ ಇರುತ್ತದೆ, ಕಟ್ಟಿದ ಊರು ಇರುತ್ತದೆ, ನನ್ನ ತಂತಿ ಇರುತ್ತದೆ. ನಿಮ್ಮ ಹೆಸರು ಹಾಕುವುದಿಲ್ಲ. ಮಾತು ಕೊಡುತ್ತಿದ್ದೇನೆ.

ಆದರೆ ಒಂದು. ಅದು ಅಚ್ಚಾಗಿ ಯಾರೋ ಪೇಟೆಯವರು ಎವಾಂಥಿಯಾಗೆ ಓದಿ ಹೇಳುವ ಮೊದಲು ನೀವು ಅವಳ ಹತ್ತಿರ ಹೋಗಿ. ‘ಅವಳಿಗೆ ಗೊತ್ತೇ ಇದೆಯಲ್ಲ’ ಅನ್ನಬೇಡಿ. ಅವಳಿಗೆ ಗೊತ್ತಿರುವುದು ಬೇರೆ, ನೀವು ಒಪ್ಪಿಕೊಳ್ಳುವುದು ಬೇರೆ.

ಪೊಲಿಕ್ಸೆನಿ


ಮಾವ್ರೊಲಿಥಿ, ೨೬ ಫೆಬ್ರವರಿ ೧೯೯೦

ಅಮ್ಮಾವ್ರೇ,

ಇವತ್ತು ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಮೊದಲ ಸೋಮವಾರ. ಎಲ್ಲರೂ ಆಲಿವ್, ಹುರುಳಿಬೀಜ ಕಟ್ಟಿಕೊಂಡು ಬಯಲಿಗೆ ಗಾಳಿಪಟ ಹಾರಿಸೋಕೆ ಹೋಗಿದ್ದಾರೆ. ನಾನು ಮನೆಯಲ್ಲಿ ಕೂತು ಬರೀತಿದ್ದೀನಿ.

ನಿನ್ನೆ ಕ್ಷಮೆಯ ಭಾನುವಾರ. ನಿಮ್ಮ ಪೇಟೆಯಲ್ಲಿ ಹೇಗೋ, ನಮ್ಮ ಚರ್ಚಿನಲ್ಲಿ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಇಡೀ ಊರು ಸಾಲು ನಿಲ್ಲುತ್ತೆ. ಒಬ್ಬೊಬ್ಬರ ಎದುರೂ ಬಗ್ಗಿ ‘ನನ್ನ ಕ್ಷಮಿಸು’ ಅನ್ನೋದು, ಅವರು ‘ದೇವರು ಕ್ಷಮಿಸಲಿ’ ಅನ್ನೋದು, ಮುಂದಿನವರ ಹತ್ತಿರ ಹೋಗೋದು. ಯಾತಕ್ಕೆ ಅಂತ ಯಾರೂ ಹೇಳಲ್ಲ, ಯಾರೂ ಕೇಳಲ್ಲ. ಅದು ಎಷ್ಟು ಸಲೀಸು ಅಂತೀರಿ! ನಲವತ್ತೆರಡು ವರ್ಷ ನಾನು ಎವಾಂಥಿಯಾ ಮುಂದೆ ಬಗ್ಗಿ ಆ ಮಾತು ಅಂದಿದ್ದೀನಿ, ಅವಳೂ ಆ ಮಾತು ಅಂದಿದ್ದಾಳೆ. ಆಮೇಲೆ ಮನೆಗೆ ಹೋಗಿ ಚೀಸು ಕಡುಬು ತಿಂದು ಮಲಗಿದ್ದೀನಿ. ವರ್ಷಕ್ಕೆ ಒಂದು ಸಲ ಕ್ಷಮೆ ಕೇಳಿ ವರ್ಷವಿಡೀ ತಪ್ಪಿಸಿಕೊಂಡವನು ನಾನು.

ನಿನ್ನೆ ಅವಳ ಮುಂದೆ ಬಂದೆ. ಬಗ್ಗಿದೆ. ಹೇಳಿದೆ: ‘ಎವಾಂಥಿಯಾ, ಕಂಡಿಯಲ್ಲಿ ನಿನ್ನ ತಡೆದದ್ದಕ್ಕೆ ಕ್ಷಮಿಸು. ಲೆನ್ಯೊ ವಿಷಯಕ್ಕೆ ಕ್ಷಮಿಸು. ಹವಾಲ್ದಾರ ನೋಡ್ತಿದ್ದಾನೆ ಅಂದಿದ್ದೆ. ಅವನು ಬುರುಜಲ್ಲಿ ಇರಲೇ ಇಲ್ಲ. ತಿಂಡಿಗೆ ಇಳಿದು ಹೋಗಿದ್ದ.’

ಹೌದು ಅಮ್ಮಾವ್ರೇ. ನಿಮಗೂ ಅದನ್ನ ಸುಳ್ಳೇ ಬರೆದಿದ್ದೆ. ಒಪ್ಪಿಕೊಳ್ಳೋ ಕಾಗದದಲ್ಲೂ ಒಂದು ಸುಳ್ಳು ಇಟ್ಟುಕೊಂಡೆ, ಅಂಥವನು ನಾನು.

ಅವಳು ನನ್ನ ನೋಡಿದಳು. ‘ಇಷ್ಟು ವರ್ಷ ಇಲ್ಲದ್ದು ಈಗ್ಯಾಕೋ?’ ಅಂದಳು.

ಅಲ್ಲಾದರೂ ಒಂದು ಒಳ್ಳೇ ಮಾತು ಬರಬೇಕಿತ್ತು. ನಾಲಿಗೆ ನಿಜ ಹೇಳಿಬಿಡ್ತು. ‘ಅಥೆನ್ಸಿನ ಅಮ್ಮ ಅಚ್ಚು ಹಾಕಿಸ್ತಾರಂತೆ’ ಅಂದೆ.

‘ಓ,’ ಅಂದಳು. ‘ಪುಸ್ತಕಕ್ಕೆ.’

ಹಿಂದೆ ಸಾಲು ನಿಂತುಬಿಟ್ಟಿತ್ತು. ಪಾದ್ರಿ ಕೆಮ್ಮಿದರು. ಯಾರೋ ‘ಏನಾಯ್ತ್ರೋ, ಮುಂದಕ್ಕೆ ಹೋಗ್ರೋ’ ಅಂದರು. ಅವಳು ‘ದೇವರು ಕ್ಷಮಿಸಲಿ’ ಅನ್ನಲಿಲ್ಲ. ಶಾಲು ಸರಿಮಾಡಿಕೊಂಡು ಹೊರಗೆ ಹೋದಳು. ನಾನು ಸಾಲಿನ ನಡುವೆ ಬಗ್ಗಿದವನು ಬಗ್ಗಿದ ಹಾಗೇ ಇದ್ದೆ. ನನ್ನ ಮಂಡಿ ಹಿಡಿದುಕೊಂಡಿದೆ ಅಂತ ನನ್ನ ಹೆಂಡತಿ ಬಂದು ಎತ್ತಿದಳು.

ನನ್ನ ಹೆಸರು ಬರೀರಿ. ಲಾಂಬ್ರೊ ಕತ್ಸಿಯಾನಿಸ್, ಪೂರ್ತಿ ಬರೀರಿ. ಮೊಮ್ಮಕ್ಕಳು ಓದಿದರೆ ಓದಲಿ. ಮಾಡಿದ್ದುಣ್ಣೋ ಮಹರಾಯ ಅಂತ ಊರೆಲ್ಲ ಅನ್ನುತ್ತೆ, ಅನ್ನಲಿ.

ಲಾಂಬ್ರೊ


ಅಥೆನ್ಸ್, ೧೯ ಮಾರ್ಚ್ ೧೯೯೦

ಎವಾಂಥಿಯಾ ಅವರಿಗೆ,

ನಾನು ಪೊಲಿಕ್ಸೆನಿ. ಮೂರು ಬೇಸಿಗೆ ನಿಮ್ಮ ರೊಟ್ಟಿ ತಿಂದವಳು. ನಿಮಗೆ ಬರೆಯಲು ನನಗೆ ಯಾವ ಹಕ್ಕೂ ಇಲ್ಲ ಅಂತ ಗೊತ್ತು.

ಫಲಕದ ಕೆಲಸ ನಿಲ್ಲಿಸಿದ್ದಾರೆ. ನಾನು ಕುರ್ಚಿ ಬಿಟ್ಟಿದ್ದೇನೆ. ಅದು ದೊಡ್ಡ ತ್ಯಾಗವೇನಲ್ಲ, ಎರಡು ವರ್ಷದಲ್ಲಿ ಹೇಗೂ ಬಿಡಬೇಕಿತ್ತು. ಪತ್ರಿಕೆಗೆ ಬರೆದ ತಿದ್ದುಪಡಿಯ ಕರಡು ಇದರ ಜೊತೆಗಿದೆ. ಅಚ್ಚಿಗೆ ಕೊಡುವ ಮೊದಲು ನಿಮಗೆ ತೋರಿಸಬೇಕು ಅನ್ನಿಸಿತು. ನಿಮಗೆ ಬೇಡವಾದ ಮಾತಿದ್ದರೆ ಹೊಡೆದುಹಾಕುತ್ತೇನೆ.

ಅದರಲ್ಲಿ ಹೀಗಿದೆ: ‘ಈ ಗೋಡೆಯನ್ನು ೧೯೪೮ರ ಜನವರಿಯಲ್ಲಿ, ಸೈನ್ಯದ ಆಜ್ಞೆಯಂತೆ, ಮಾವ್ರೊಲಿಥಿಯ ಜನ ಕಟ್ಟಿದರು. ಅದು ಕಂಡಿಯನ್ನು ಸಂಪೂರ್ಣವಾಗಿ ಮುಚ್ಚಿತ್ತು. ಕಾವಲಿಗಿದ್ದ ಲಾಂಬ್ರೊ ಕತ್ಸಿಯಾನಿಸ್ ಹೇಳುವಂತೆ, ಕಾಯಿಲೆಯ ಮಗುವಿನೊಂದಿಗೆ ಬಂದ ಒಬ್ಬ ಹೆಂಗಸನ್ನು ಅಲ್ಲಿಂದ ಹಿಂದಕ್ಕೆ ಕಳಿಸಲಾಯಿತು. ಈ ಗೋಡೆ ಪ್ರಾಚೀನವೆಂದು ನಾನು ಬರೆದದ್ದು ತಪ್ಪು. ಅದು ತಪ್ಪೆಂದು ತೋರಿಸುವ ಸಾಕ್ಷಿ ಆಗಲೇ ನನ್ನ ಕೈಯಲ್ಲಿತ್ತು.’

ನಿಮ್ಮ ಹೆಸರು ಎಲ್ಲೂ ಇಲ್ಲ.

ನಾಚಿಕೆಯಿಂದ,
ಪೊಲಿಕ್ಸೆನಿ


ಮಾವ್ರೊಲಿಥಿ, ೨೦ ಏಪ್ರಿಲ್ ೧೯೯೦

ಪೊಲಿಕ್ಸೆನಿ,

ನೀನು ಅಂತಲೇ ಬರೀತೀನಿ, ನೀವು ಅಂತ ಬರೆದರೆ ನನ್ನ ಕೈ ಓಡಲ್ಲ. ಈಸ್ಟರ್ ಮುಗೀಲಿ ಅಂತ ಕಾದೆ. ಕೆಂಪು ಮೊಟ್ಟೆ, ಕುರಿ, ನೆಂಟರು, ಪುರುಸೊತ್ತು ಆಗಲಿಲ್ಲ. ನಿನ್ನ ಕಾಗದ ನಾನೇ ಓದಿದೆ. ಅಕ್ಷರ ಕಲಿತದ್ದು ತಡವಾಗಿ, ಆದರೂ ಓದಿದೆ. ಮೂರು ಸಲ.

ಒಂದು ಮಾತು ತಪ್ಪು ಬರೆದಿದ್ದೀಯ. ಗೋಡೆ ಕಂಡಿಯನ್ನು ಸಂಪೂರ್ಣ ಮುಚ್ಚಿತ್ತು ಅಂದಿದ್ದೀಯ. ಯಾರು ಹೇಳಿದ್ದು ನಿನಗೆ?

ನೀನೇ ಒಂದು ದಿನ ನನ್ನ ರೊಟ್ಟಿ ಬುಟ್ಟಿ ಇಳಿಸಿ, ಗೋಡೆ ಪಕ್ಕ ನಿಲ್ಲಿಸಿ ಫೋಟೊ ತೆಗೆದೆ. ‘ಅಳತೆಗೆ’ ಅಂದೆ. ಪುಸ್ತಕದಲ್ಲಿ ಹಾಕಿದ್ದೀಯಂತೆ, ನಮ್ಮೂರ ಶಾಲೆ ಮೇಷ್ಟರ ಹೆಂಡತಿ ತೋರಿಸಿದಳು. ತೆಗೆದು ನೋಡು. ಗೋಡೆ ನನ್ನ ಸೊಂಟಕ್ಕೂ ಬಂದಿಲ್ಲ. ಮೇಲಿನ ಭಾಗ ಬಿದ್ದು ಹೋಗಿದೆ ಅಂತ ಕೆಳಗೆ ಬರೆದಿದ್ದೀಯಂತೆ. ಬಿದ್ದಿಲ್ಲ. ಕಟ್ಟಿದ್ದೇ ಅಷ್ಟು, ಸಿಪಾಯಿ ಮಂಡಿಯೂರಿ ಕೂತು ಗುಂಡು ಹೊಡೆಯೋಕೆ. ನನಗೆ ಗೊತ್ತು, ನಾನೂ ಕಲ್ಲು ಹೊತ್ತಿದ್ದೀನಿ. ಮನೆಗೊಬ್ಬರು ಅಂದರು, ಗಂಡ ಬೆಟ್ಟದಲ್ಲಿ, ನಾನು ಹೋದೆ. ಮೂರು ದಿನ. ಲೆನ್ಯೊನ ಪಕ್ಕದ ಮುದುಕಿ ಹತ್ತಿರ ಬಿಟ್ಟು ಹೋಗಿದ್ದೆ. ಅಲ್ಲೇ ಅವಳಿಗೆ ಕೆಮ್ಮು ಹತ್ತಿದ್ದು.

ಲಾಂಬ್ರೊ ನಿನಗೆ ನಾನು ನಿಂತೆ, ತಿರುಗಿದೆ ಅಂತ ಹೇಳಿರಬೇಕು. ಅವನಿಗೆ ನೆನಪಿಲ್ಲವೋ, ನನ್ನ ಮಾನ ಕಾದನೋ ಗೊತ್ತಿಲ್ಲ. ನಾನು ಗೋಡೆ ಮೇಲೆ ಒಂದು ಕಾಲು ಇಟ್ಟಿದ್ದೆ. ಮಗು ಬೆನ್ನ ಮೇಲಿತ್ತು. ಇನ್ನೊಂದು ಕಾಲು ಎತ್ತಿದ್ದರೆ ಆ ಕಡೆ. ಅವನು ‘ಎವಾಂಥಿಯಾ, ಕಾಲು ಇಳಿಸು’ ಅಂದ. ಬಂದೂಕು ಹೆಗಲಲ್ಲೇ ಇತ್ತು, ಕೈಗೂ ತಗೊಳ್ಳಲಿಲ್ಲ. ಅವನು ಹೊಡೀತಿರಲಿಲ್ಲ. ನನ್ನ ಕೈಯಲ್ಲಿ ಉಂಡ ಹುಡುಗ, ನನ್ನ ಮೇಲೆ ಗುಂಡು ಹಾರಿಸ್ತಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು, ಆ ಕ್ಷಣದಲ್ಲೇ ಗೊತ್ತಿತ್ತು.

ಆದರೂ ಕಾಲು ಇಳಿಸಿದೆ.

ಯಾಕೆ ಇಳಿಸಿದೆ ಅಂತ ನನ್ನ ಕೇಳಬೇಡ. ದಾಟಬಾರದು ಅಂದಿದ್ದರು, ಇಳಿಸಿದೆ. ಅಷ್ಟೇ.

ಅವನು ಚರ್ಚಿನಲ್ಲಿ ಕೇಳಿದಾಗ ಸಿಟ್ಟಿಗೆ ಸುಮ್ಮನಿದ್ದೆ ಅಂದುಕೊಂಡಿದ್ದಾನೆ. ಸಿಟ್ಟು ಬಂದದ್ದು ನಿಜ, ಪುಸ್ತಕದ ಮಾತಿಗೆ. ಆದರೆ ‘ದೇವರು ಕ್ಷಮಿಸಲಿ’ ಅನ್ನೋಕೆ ಬಾಯಿ ತೆರೆದರೆ ಬರಲಿಲ್ಲ. ನಾನು ಕಾಲು ಇಳಿಸಿದ್ದಕ್ಕೆ ಅದನ್ನ ನನಗೆ ಇನ್ನೂ ಯಾರೂ ಅಂದಿಲ್ಲ. ಲೆನ್ಯೊ ಒಬ್ಬಳೇ ಅನ್ನಬೇಕಾದ್ದು. ಅವನು ಈಗ ನನ್ನ ಬೀದಿ ಬಿಟ್ಟು ಸುತ್ತಿ ಹೋಗ್ತಾನೆ. ನೆಟ್ಟಗೆ ಹೋಗೋಕೆ ಹೇಳು.

ಆ ಮುಚ್ಚಿತ್ತು ಅನ್ನೋದನ್ನ ಹೊಡೆದುಹಾಕು. ಎತ್ತರ ಬರಿ. ಟೇಪು ಹಿಡಿದು ಅಳೆದು ಬರಿ. ಅವನ ಹೆಸರು ಪೂರ್ತಿ ಹಾಕಿದ್ದೀಯ, ನನ್ನನ್ನ ಒಬ್ಬ ಹೆಂಗಸು ಅಂದಿದ್ದೀಯ. ಹಿಂದಕ್ಕೆ ಕಳಿಸಲಾಯಿತು ಅಂದಿದ್ದೀಯ. ಹಾಗಲ್ಲ. ಗೋಡೆ ಇಷ್ಟೇ ಎತ್ತರ ಇತ್ತು, ಅವಳು ಒಂದು ಕಾಲು ಇಟ್ಟು ತೆಗೆದಳು ಅಂತ ಬರಿ, ಅದರ ಮುಂದೆ ನನ್ನ ಹೆಸರು ಹಾಕು.

ಎವಾಂಥಿಯಾ ಮಾರ್ಗಾರಿ